ಮನೆಯಲ್ಲಿ ಮಗನ ಪ್ರಯೋಗಗಳನ್ನು ನಿಲ್ಲಿಸಬೇಕೆ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ. ಹಿಪ್ಪುನೇರಳೆ ತೋಟವಿದೆ, ರೇಷ್ಮೆಹುಳು ಸಾಕುತ್ತೇವೆ. ಮಗ ಆರನೇ ತರಗತಿ. ಮೊಬೈಲಿನಲ್ಲಿ ವಿಜ್ಞಾನದ ವಿಡಿಯೊಗಳನ್ನು ನೋಡಿ ಮನೆಯಲ್ಲಿ ಮಾಡುತ್ತಾನೆ. ಅಡುಗೆ ಸೋಡಾ ಮತ್ತು ವಿನೆಗರ್ ಸೇರಿಸಿ ಜ್ವಾಲಾಮುಖಿ ಮಾಡಿದ, ಎರಡೇ ದಿನಕ್ಕೆ ಬೇಸರವಾಯಿತು. ನಿಂಬೆಹಣ್ಣಿಗೆ ವೈರು ಚುಚ್ಚಿ ಟಾರ್ಚಿನ ಬಲ್ಬು ಉರಿಸಲು ಹೋದ, ಉರಿಯಲಿಲ್ಲ. ಕಳೆದ ತಿಂಗಳು ಹುಳುಮನೆಗೆಂದು ತಂದಿದ್ದ ಬ್ಲೀಚಿಂಗ್ ಪೌಡರಿಗೆ ಬಚ್ಚಲು ತೊಳೆಯುವ ಆ್ಯಸಿಡ್ ಸುರಿದುಬಿಟ್ಟ. ಕಣ್ಣು ಉರಿ, ಕೆಮ್ಮು. ಹೊರಗೆ ಎಳೆದುತಂದ ಮೇಲೆ ಸರಿಹೋಯಿತು. ಅಂದಿನಿಂದ ಯಜಮಾನರು ಇನ್ನು ಪ್ರಯೋಗವೇ ಬೇಡ ಎಂದಿದ್ದಾರೆ. ನಾನು ಪಿಯುಸಿ ಆರ್ಟ್ಸ್ ಓದಿದವಳು, ಅವನು ‘ಯಾಕೆ’ ಎಂದರೆ ಉತ್ತರ ಗೊತ್ತಿರುವುದಿಲ್ಲ. 1,500 ರೂಪಾಯಿಯ ಕಿಟ್ ಕೊಡಿಸಿದರೆ ಅಪಾಯ ತಪ್ಪುತ್ತದೆಯೇ? ಇಲ್ಲ, ನಿಲ್ಲಿಸುವುದೇ ಸರಿಯೇ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಚಿಂತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಮಗನಿಗೆ ಅಪಾಯವಾದೀತೆಂಬ ಭಯ, ನಿಮಗೆ ವಿಜ್ಞಾನ ಗೊತ್ತಿಲ್ಲವೆಂಬ ಅಳುಕು, ದುಡ್ಡು ಖರ್ಚು ಮಾಡಿದರೆ ಎರಡೂ ನೀಗಬಹುದೇನೋ ಎಂಬ ಆಸೆ. ಮೊದಲನೆಯದು ನಿಜವಾದ ಚಿಂತೆ, ಅದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎರಡನೆಯದಕ್ಕೆ ಅಷ್ಟು ಆಧಾರವಿಲ್ಲ. ಮೂರನೆಯದು ಬಹುಮಟ್ಟಿಗೆ ತಪ್ಪು ಲೆಕ್ಕ. ಮೂವತ್ತು ವರ್ಷ ಈ ಭಾಗದ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿದ ಅನುಭವದಿಂದ ಒಂದೊಂದನ್ನೇ ಬಿಡಿಸಿ ಹೇಳುತ್ತೇನೆ.

ಬ್ಲೀಚಿಂಗ್ ಪೌಡರಿನ ಘಟನೆಯಿಂದಲೇ ಆರಂಭಿಸೋಣ, ಏಕೆಂದರೆ ಅದು ಅರ್ಥವಾಗದ ಹೊರತು ಉಳಿದದ್ದನ್ನು ನೆಮ್ಮದಿಯಿಂದ ಮಾಡಲಾಗದು. ಬ್ಲೀಚಿಂಗ್ ಪೌಡರಿನಲ್ಲಿರುವುದು ಮುಖ್ಯವಾಗಿ ಕ್ಯಾಲ್ಸಿಯಂ ಹೈಪೊಕ್ಲೋರೈಟ್. ಬಚ್ಚಲು ತೊಳೆಯುವ ಆ್ಯಸಿಡ್ ಎಂದರೆ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ. ಇವೆರಡೂ ಕೂಡಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಅದು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಕಾರಣ ನೆಲಕ್ಕೆ ಹತ್ತಿರವೇ ಹರಡಿಕೊಂಡು ಕೂರುತ್ತದೆ. ಕಿಟಕಿ ಚಿಕ್ಕದಿರುವ ಬಚ್ಚಲಿನಲ್ಲಿ ಬಗ್ಗಿ ಕುಳಿತ ಮಗುವಿನ ಮೂಗಿಗೆ ಮೊದಲು ತಲುಪುವುದೇ ಅದು. ಕಣ್ಣು, ಮೂಗು, ಶ್ವಾಸನಾಳದ ತೇವದಲ್ಲಿ ಕರಗಿ ಆಮ್ಲವಾಗಿ ಸುಡುತ್ತದೆ. ನೀವು ಮಗನನ್ನು ಬಯಲಿಗೆ ಎಳೆದುತಂದದ್ದು ಅತ್ಯಂತ ಸರಿಯಾದ ಕೆಲಸ. ಮುಂದೆ ಎಂದಾದರೂ ಯಾರಿಗಾದರೂ ಹೀಗಾದರೆ ಕಣ್ಣನ್ನು ಧಾರಾಳ ನೀರಿನಿಂದ ಹದಿನೈದು ನಿಮಿಷ ತೊಳೆಯಬೇಕು. ಕೆಮ್ಮು ನಿಲ್ಲದಿದ್ದರೆ, ಎದೆ ಬಿಗಿದರೆ, ಅಥವಾ ಸರಿಹೋದಂತೆ ಕಂಡು ಕೆಲವು ಗಂಟೆಗಳ ನಂತರ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಏಕೆಂದರೆ ಈ ಅನಿಲದ ಪೆಟ್ಟು ಕೆಲವೊಮ್ಮೆ ತಡವಾಗಿ ಕಾಣಿಸಿಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆಯೂ ಇದೆ. ಆ್ಯಸಿಡ್ ಡಬ್ಬಿಯನ್ನು ಬಚ್ಚಿಟ್ಟರೆ ಸಾಕೆಂದು ತಿಳಿಯಬೇಡಿ. ಬ್ಲೀಚಿಂಗ್ ಪೌಡರಿಗೆ ವಿನೆಗರ್ ಅಥವಾ ನಿಂಬೆರಸ ಬಿದ್ದರೂ ಕ್ಲೋರಿನ್ ಬರುತ್ತದೆ, ಅಮೋನಿಯಾ ಇರುವ ಕ್ಲೀನರ್ ಬಿದ್ದರೆ ಬೇರೊಂದು ಬಗೆಯ ವಿಷಾನಿಲ ಬರುತ್ತದೆ. ಆದ್ದರಿಂದ ಹುಳುಮನೆಯ ಬ್ಲೀಚಿಂಗ್ ಪೌಡರ್, ಫಾರ್ಮಲಿನ್, ತೋಟಕ್ಕೆ ಹೊಡೆಯುವ ಔಷಧಿ, ಬಚ್ಚಲಿನ ಆ್ಯಸಿಡ್, ಸೀಮೆಎಣ್ಣೆ ಇಷ್ಟೂ ಬೀಗ ಹಾಕಿದ ಜಾಗದಲ್ಲಿರಲಿ. ಸ್ವಚ್ಛಗೊಳಿಸುವ ಯಾವ ವಸ್ತುವನ್ನೂ ಇನ್ನೊಂದರೊಡನೆ ಬೆರೆಸುವುದಿಲ್ಲ ಎಂಬುದು ಮಗನಿಗೂ ದೊಡ್ಡವರಿಗೂ ಒಂದೇ ನಿಯಮವಾಗಲಿ. ಅದಕ್ಕೆ ಕಾರಣವನ್ನೂ ಅವನಿಗೆ ಬಿಡಿಸಿ ಹೇಳಿ. ಬೈದು ನಿಲ್ಲಿಸಿದ ಹುಡುಗ ಅದೇ ಕೆಲಸವನ್ನು ಬಾಗಿಲು ಮುಚ್ಚಿಕೊಂಡು ಮಾಡಿದ್ದನ್ನು ನಾನು ನೋಡಿದ್ದೇನೆ. ಕಾರಣ ಗೊತ್ತಿದ್ದ ಹುಡುಗ ತಂಗಿಯನ್ನು ತಡೆದದ್ದನ್ನೂ ನೋಡಿದ್ದೇನೆ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ನಿಷೇಧಿಸುವುದು ಕಡಿಮೆ ಅಪಾಯದ ದಾರಿಯಂತೆ ಕಂಡರೂ ವಾಸ್ತವದಲ್ಲಿ ಹಾಗಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಜ್ವಾಲಾಮುಖಿ ಬೇಸರವಾದದ್ದೇಕೆ ಎಂಬ ವಿಚಾರ. ಅದರಲ್ಲಿ ಮಗನ ತಪ್ಪೇನೂ ಇಲ್ಲ. ಅವನು ಮಾಡಿದ್ದು ಒಂದು ಪ್ರದರ್ಶನ: ನೊರೆ ಉಕ್ಕುತ್ತದೆಂದು ವಿಡಿಯೊ ಹೇಳಿತ್ತು, ನೊರೆ ಉಕ್ಕಿತು, ಕತೆ ಮುಗಿಯಿತು. ಪ್ರಯೋಗ ಎನ್ನಬೇಕಾದರೆ ಏನಾಗುತ್ತದೆಂದು ಮೊದಲೇ ಗೊತ್ತಿರಬಾರದು, ಮತ್ತು ಉಳಿದದ್ದೆಲ್ಲವನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸಬೇಕು. ಅದೇ ಸೋಡಾ, ಅದೇ ವಿನೆಗರ್ ಇಟ್ಟುಕೊಂಡು ಹೀಗೆ ಮಾಡಿಸಿ ನೋಡಿ. ಒಂದು ಚಿಕ್ಕ ಬಾಟಲಿಗೆ 50 ಮಿ.ಲೀ. ವಿನೆಗರ್ ಹಾಕಿ, ಬಲೂನಿನೊಳಗೆ ಕಾಲು ಚಮಚ ಸೋಡಾ ತುಂಬಿ, ಬಲೂನಿನ ಬಾಯಿಯನ್ನು ಬಾಟಲಿಯ ಬಾಯಿಗೆ ಸಿಕ್ಕಿಸಿ, ಆಮೇಲೆ ಬಲೂನನ್ನು ಎತ್ತಿ ಸೋಡಾವನ್ನು ಒಳಗೆ ಬೀಳಿಸಬೇಕು. ಉಬ್ಬಿದ ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆದು ಬರೆದುಕೊಳ್ಳಲಿ. ಪ್ರತಿ ಸಲವೂ ಹೊಸ ವಿನೆಗರ್ ಅಷ್ಟೇ ಅಳತೆಯಲ್ಲಿ ಹಾಕಿ, ಸೋಡಾವನ್ನು ಮಾತ್ರ ಅರ್ಧ, ಮುಕ್ಕಾಲು, ಒಂದು, ಒಂದೂಕಾಲು ಚಮಚಕ್ಕೆ ಏರಿಸುತ್ತ ಹೋಗಲಿ. ಮೊದಮೊದಲು ಬಲೂನು ದೊಡ್ಡದಾಗುತ್ತ ಹೋಗಿ, ಒಂದು ಹಂತ ದಾಟಿದ ಮೇಲೆ ಎಷ್ಟು ಸೋಡಾ ಹಾಕಿದರೂ ಅಷ್ಟಕ್ಕೇ ನಿಂತುಬಿಡುತ್ತದೆ. ಏಕೆ ನಿಂತಿತು ಎಂಬ ಪ್ರಶ್ನೆ ಆಗ ಅವನ ಬಾಯಿಂದಲೇ ಬರುತ್ತದೆ. ವಿನೆಗರಿನಲ್ಲಿದ್ದ ಆಮ್ಲ ಮುಗಿದಿತ್ತು, ಅಷ್ಟೇ ಉತ್ತರ. ಅನಂತರ ವಿನೆಗರ್ ಬದಲು ಹುಣಸೆನೀರು, ಮಜ್ಜಿಗೆ ಹಾಕಿದರೆ ಏನಾದೀತೆಂದು ಅವನೇ ಊಹಿಸಿ ನೋಡಲಿ. ಇದರಲ್ಲಿ ಇರುವ ಅಪಾಯ ಒಂದೇ: ಈ ಮಿಶ್ರಣವನ್ನು ಮುಚ್ಚಳ ತಿರುಗಿಸಿ ಬಿಗಿಯುವ ಬಾಟಲಿಯಲ್ಲಿ ಎಂದೂ ಮುಚ್ಚಬಾರದು, ಒತ್ತಡಕ್ಕೆ ಸಿಡಿಯುತ್ತದೆ.

ನಿಂಬೆಹಣ್ಣಿನ ಬಲ್ಬಿನ ವಿಷಯದಲ್ಲಿ ನಿಮ್ಮ ಮಗನಿಗೆ ಅನ್ಯಾಯವಾಗಿದೆ. ಒಂದು ನಿಂಬೆಹಣ್ಣಿನಿಂದ ಟಾರ್ಚಿನ ಬಲ್ಬು ಉರಿಯುವುದಿಲ್ಲ. ಉರಿದಂತೆ ತೋರಿಸುವ ವಿಡಿಯೊಗಳಲ್ಲಿ ಬೇರೆಲ್ಲೋ ಸೆಲ್ ಅಡಗಿರುತ್ತದೆ. ವಿದ್ಯುತ್ ಹುಟ್ಟಬೇಕಾದರೆ ಎರಡು ಬೇರೆ ಬೇರೆ ಲೋಹಗಳು ಬೇಕು. ಅವನು ಎರಡೂ ಕಡೆ ತಾಮ್ರದ ವೈರನ್ನೇ ಚುಚ್ಚಿದ್ದರೆ ಏನೂ ಬರುವುದಿಲ್ಲ. ಒಂದು ಕಡೆ ತಾಮ್ರದ ತಂತಿ, ಇನ್ನೊಂದು ಕಡೆ ಸತುವಿನ ಲೇಪವಿರುವ ಜಿಐ ಮೊಳೆ ಚುಚ್ಚಿದರೆ ಒಂದು ಹಣ್ಣಿನಿಂದ ಸುಮಾರು 0.9 ವೋಲ್ಟ್ ಸಿಗುತ್ತದೆ, ಆದರೆ ಅದರ ಕರೆಂಟ್ ಟಾರ್ಚಿನ ಬಲ್ಬಿಗೆ ಬೇಕಾದುದರ ನೂರನೇ ಒಂದು ಭಾಗವೂ ಇರುವುದಿಲ್ಲ. ಒಂದು ಹಣ್ಣಿನ ತಾಮ್ರವನ್ನು ಮುಂದಿನ ಹಣ್ಣಿನ ಮೊಳೆಗೆ ಸೇರಿಸುತ್ತ ಮೂರ್ನಾಲ್ಕು ಹಣ್ಣುಗಳನ್ನು ಸಾಲಾಗಿ ಜೋಡಿಸಿ, ಕೊನೆಗೆ ಒಂದು ಕೆಂಪು ಎಲ್‌ಇಡಿ ಇಟ್ಟು, ಅದರ ಉದ್ದನೆಯ ಕಾಲನ್ನು ತಾಮ್ರದ ಕಡೆಗೆ ಸೇರಿಸಿದರೆ ಕತ್ತಲೆ ಕೋಣೆಯಲ್ಲಿ ಮಂಕಾಗಿ ಹೊಳೆಯುತ್ತದೆ. ಆ ಹಣ್ಣುಗಳಿಗೆ ಸತು ಇಳಿದಿರುತ್ತದೆ, ಪಾನಕಕ್ಕೆ ಬಳಸದೆ ಎಸೆಯಿರಿ. ವಿದ್ಯುತ್ತಿನ ಯಾವ ಆಟವಾದರೂ 1.5 ವೋಲ್ಟಿನ ಟಾರ್ಚ್ ಸೆಲ್ಲಿನವರೆಗೆ ಮಾತ್ರ ಇರಲಿ. ಗೋಡೆಯ ಪ್ಲಗ್ ಸರ್ವಥಾ ಬೇಡ, ಹಳೆಯ ಮೊಬೈಲಿನ ಬ್ಯಾಟರಿಯನ್ನು ಬಿಚ್ಚುವುದೂ ಬೇಡ. ಚುಚ್ಚಿದರೆ ಬೆಂಕಿ ಹತ್ತುತ್ತದೆ. ಗುಂಡಿಯಂತಿರುವ ಪುಟ್ಟ ಸೆಲ್ಲುಗಳು ಮನೆಯಲ್ಲಿ ಎಳೆಯ ಮಕ್ಕಳಿದ್ದರೆ ಬಹಳ ಅಪಾಯ, ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಟ್ಟುಬಿಡುತ್ತವೆ.

ಈಗ ಕಿಟ್. ಅದರಿಂದ ಅಪಾಯ ತಪ್ಪುವುದಿಲ್ಲ. ರಾಸಾಯನಿಕಗಳಿರುವ ಕಿಟ್ ಆದರೆ ಮನೆಗೆ ಹೊಸ ಅಪಾಯವೊಂದು ಬಂದಂತೆಯೇ. ಅದರ ಬದಲು ಒಂದು ಒಳ್ಳೆಯ ಭೂತಗನ್ನಡಿ, ಮೆಡಿಕಲ್ ಶಾಪಿನಿಂದ 10 ಮಿ.ಲೀ. ಅಳತೆಯ ಸೂಜಿಯಿಲ್ಲದ ಎರಡು ಸಿರಿಂಜ್, ಗ್ರಾಂ ತೋರಿಸುವ ಅಡುಗೆಮನೆಯ ಚಿಕ್ಕ ತಕ್ಕಡಿ, ಒಂದು ನೋಟ್ ಪುಸ್ತಕ ಕೊಡಿಸಿ. ಇವೆಲ್ಲವೂ ಸೇರಿ ಕಿಟ್ಟಿನ ಬೆಲೆಗಿಂತ ಕಡಿಮೆಗೇ ಸಿಗುತ್ತವೆ, ಮತ್ತು ಇವೆಲ್ಲ ಅಳೆಯುವ, ನೋಡುವ ಸಾಧನಗಳು.

ನಿಮಗೆ ವಿಜ್ಞಾನ ಗೊತ್ತಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ಆರತಿಗೆ ಓಕುಳಿ ನೀರು ಕಲಸುವಾಗ ಅರಿಶಿನದ ನೀರಿಗೆ ಸುಣ್ಣ ಹಾಕಿದರೆ ಕೆಂಪಾಗುತ್ತದೆಂದು ನಿಮಗೆ ಗೊತ್ತು. ಅರಿಶಿನದ ಕಲೆಯಾದ ಬಟ್ಟೆಗೆ ಸೋಪು ಹಚ್ಚಿದೊಡನೆ ಕೆಂಪಾಗಿ, ಜಾಲಾಡಿದ ಮೇಲೆ ಮತ್ತೆ ಹಳದಿಯಾಗುವುದನ್ನೂ ನೂರಾರು ಸಲ ನೋಡಿದ್ದೀರಿ. ಅರಿಶಿನದ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಪ್ರತ್ಯಾಮ್ಲದಲ್ಲಿ ಕೆಂಪಾಗಿ, ಆಮ್ಲದಲ್ಲಿ ಹಳದಿಯಾಗಿ ಇರುತ್ತದೆ. ಮುಂದಿನ ತರಗತಿಗಳಲ್ಲಿ ಸೂಚಕ ಎಂಬ ಹೆಸರಿನಲ್ಲಿ ಅವನು ಓದಲಿರುವುದು ಇದನ್ನೇ. ಓಕುಳಿ ನೀರಿಗೆ ಹನಿಹನಿಯಾಗಿ ನಿಂಬೆರಸ ಬಿಟ್ಟು ಎಷ್ಟನೇ ಹನಿಗೆ ಬಣ್ಣ ತಿರುಗುತ್ತದೆಂದು ಎಣಿಸಲು ಹೇಳಿ. ಆಮೇಲೆ ಅರಿಶಿನದಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳಿಂದ ಸೋಪಿನ ನೀರು, ಸೋಡಾ ನೀರು, ಮಜ್ಜಿಗೆ, ಬೂದಿಯ ತಿಳಿನೀರು ಎಲ್ಲವನ್ನೂ ಪರೀಕ್ಷಿಸಬಹುದು. ಸುಣ್ಣವನ್ನು ಮಾತ್ರ ನೀವೇ ಚಮಚದ ತುದಿಯಲ್ಲಿ ತೆಗೆದುಕೊಡಿ. ಎಲೆ ಅಡಿಕೆಗೆ ಬಳಸುವ ಸುಣ್ಣದ ಪೊಟ್ಟಣವನ್ನು ಹಿಸುಕಿದಾಗ ಅದು ಕಣ್ಣಿಗೆ ಚಿಮ್ಮಿ ಮಕ್ಕಳ ದೃಷ್ಟಿಯೇ ಹೋದ ಪ್ರಕರಣಗಳಿವೆ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕುವುದಂತೂ ಮಕ್ಕಳ ಕೆಲಸವೇ ಅಲ್ಲ, ಅದು ಕುದಿದು ಸಿಡಿಯುತ್ತದೆ.

ಅವನು ‘ಯಾಕೆ’ ಎಂದಾಗ ಉತ್ತರ ಬಾರದಿದ್ದರೆ, ‘ನನಗೂ ಗೊತ್ತಿಲ್ಲ, ಹೇಗೆ ತಿಳಿದುಕೊಳ್ಳಬಹುದು ಹೇಳು’ ಎನ್ನಿ. ತರಗತಿಯಲ್ಲಿ ನಾನು ಈ ಮಾತನ್ನು ಹೇಳಲು ಕಲಿತದ್ದು ನೌಕರಿ ಸೇರಿ ಎಷ್ಟೋ ವರ್ಷಗಳಾದ ಮೇಲೆ, ಮತ್ತು ಮಕ್ಕಳು ನಿಜವಾಗಿ ಯೋಚಿಸತೊಡಗಿದ್ದು ಅಂದಿನಿಂದಲೇ.

ನಮ್ಮ ಸೀಮೆಯ ಮಕ್ಕಳಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳುವ ಪ್ರಯೋಗ ನೀರಿನದು. ಬೋರ್‌ವೆಲ್ ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬಿಂದಿಗೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ ಎಂಬುದು ಮನೆಮನೆಯ ಅನುಭವ. ಇದನ್ನೇ ಅಳತೆಗೆ ಇಳಿಸಬಹುದು. ಸ್ನಾನದ ಸೋಪನ್ನು ತುರಿದು ಮಳೆನೀರಿನಲ್ಲೋ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರಿನಲ್ಲೋ ಕರಗಿಸಿಕೊಳ್ಳಿ. ಒಂದೇ ಗಾತ್ರದ ನಾಲ್ಕು ಬಾಟಲಿಗಳಲ್ಲಿ ತಲಾ 100 ಮಿ.ಲೀ.ನಂತೆ ಬೋರ್‌ವೆಲ್ ನೀರು, ನೀವು ಹತ್ತು ನಿಮಿಷ ಕುದಿಸಿ ಆರಿಸಿ ಬಸಿದ ಬೋರ್‌ವೆಲ್ ನೀರು, ಕ್ಯಾನ್ ನೀರು, ಮಳೆನೀರು ಇರಲಿ. ಪ್ರತಿ ಬಾಟಲಿಗೂ ಸಿರಿಂಜಿನಿಂದ 1 ಮಿ.ಲೀ. ಸೋಪಿನ ನೀರು ಹಾಕಿ ಹತ್ತು ಸಲ ಕುಲುಕಿ, ನೊರೆ ಒಂದು ನಿಮಿಷ ನಿಲ್ಲುತ್ತದೆಯೇ ಎಂದು ನೋಡಬೇಕು. ನಿಲ್ಲದಿದ್ದರೆ ಇನ್ನೊಂದು ಮಿ.ಲೀ. ಹೀಗೆ ಯಾವ ನೀರಿಗೆ ಎಷ್ಟು ಮಿ.ಲೀ. ಬೇಕಾಯಿತೆಂದು ಬರೆದಿಟ್ಟರೆ ಅದೇ ಆ ನೀರಿನ ಗಡಸುತನದ ಅಳತೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಸೋಪನ್ನು ಹಿಡಿದು ಕರಗದ ಕಲ್ಮಷವನ್ನಾಗಿ ಮಾಡುತ್ತವೆ. ಅವೆಲ್ಲ ತೀರಿದ ಮೇಲಷ್ಟೇ ನೊರೆ ನಿಲ್ಲುತ್ತದೆ. ಕುದಿಸಿದ ನೀರಿಗೆ ಕಡಿಮೆ ಸೋಪು ಸಾಕಾದರೆ, ಆ ವ್ಯತ್ಯಾಸ ಕುದಿತಕ್ಕೆ ಬಿಟ್ಟುಹೋದ ಬೈಕಾರ್ಬೊನೇಟಿನ ಪಾಲು. ಅದೇ ಕಾರ್ಬೊನೇಟಾಗಿ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ಒಂದು ಹನಿ ವಿನೆಗರ್ ಬಿಟ್ಟರೆ ಗುಳ್ಳೆ ಏಳುತ್ತದೆ, ಮತ್ತು ಆ ಗುಳ್ಳೆಗಳಲ್ಲಿರುವುದು ಬಲೂನನ್ನು ಉಬ್ಬಿಸಿದ ಇಂಗಾಲದ ಡೈಆಕ್ಸೈಡೇ. ಸೋಪಿನ ಬದಲು ಶಾಂಪೂ ಅಥವಾ ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿದರೆ ಪ್ರಯೋಗ ಕೆಡುತ್ತದೆ, ಏಕೆಂದರೆ ಅವು ಗಡಸು ನೀರಿನಲ್ಲೂ ನೊರೆ ಕೊಡುವಂತೆ ತಯಾರಾದವು. ಆದರೆ ಆ ಕೆಟ್ಟ ಪ್ರಯೋಗವನ್ನೂ ಒಮ್ಮೆ ಮಾಡಿ ನೋಡಲು ಬಿಡಿ.

ಇದರ ಜೊತೆಗೆ ಒಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತಡೆಯಬೇಕು. ಚೆನ್ನಾಗಿ ನೊರೆ ಬರುವ ನೀರು ಕುಡಿಯಲು ಯೋಗ್ಯ ಎಂದು ಮಗನಾಗಲಿ ನೀವಾಗಲಿ ತೀರ್ಮಾನಿಸಬೇಡಿ. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚಾಗಿದೆ. ಅದು ಬಣ್ಣ, ವಾಸನೆ, ನೊರೆ ಯಾವುದರಿಂದಲೂ ತಿಳಿಯುವುದಿಲ್ಲ, ಕುದಿಸಿದರೆ ಹೋಗುವುದಿಲ್ಲ; ಆವಿಯಾಗಿ ನೀರು ಕಡಿಮೆಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ. ಅದನ್ನು ಪ್ರಯೋಗಾಲಯದಲ್ಲೇ ನೋಡಬೇಕು, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಮನೆಯ ಪ್ರಯೋಗ ಯಾವುದನ್ನು ಹೇಳಬಲ್ಲದು, ಯಾವುದನ್ನು ಹೇಳಲಾರದು ಎಂಬುದನ್ನು ಮಗ ಈ ವಯಸ್ಸಿನಲ್ಲೇ ಅರಿತರೆ ನನಗೆ ತುಂಬ ಸಂತೋಷ.

ಅಂಗಳದ ನೆರಳಿನ ಪ್ರಯೋಗಕ್ಕೆ ಒಂದು ನೇರವಾದ ಕೋಲು ಸಾಕು. ನಿಮ್ಮ ಊರಿನಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ಒಂದು ದಿನ, ಆಗಸ್ಟ್ 17ರ ಆಸುಪಾಸಿನಲ್ಲಿ ಇನ್ನೊಂದು ದಿನ ಸೂರ್ಯ ನೆತ್ತಿಯ ಮೇಲೆಯೇ ಬಂದು ಕೋಲಿನ ನೆರಳು ಇಲ್ಲವಾಗುತ್ತದೆ. ಅದು ಸರಿಯಾಗಿ 12 ಗಂಟೆಗೆ ಆಗುವುದಿಲ್ಲ; ಏಪ್ರಿಲಿನಲ್ಲಿ 12 ಗಂಟೆ 15ರಿಂದ 20 ನಿಮಿಷದೊಳಗೆ ಆಗುತ್ತದೆ, ಏಕೆಂದರೆ ನಮ್ಮ ಗಡಿಯಾರ ನಮಗಿಂತ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತದೆ. ನೆರಳನ್ನು ನೋಡಬೇಕೇ ಹೊರತು ಸೂರ್ಯನನ್ನಲ್ಲ. ಕಾಳು ಮೊಳೆಯಿಸುವ ಪ್ರಯೋಗಗಳೂ ಒಳ್ಳೆಯವೇ, ಆದರೆ ಬಿತ್ತನೆಗೆಂದು ತಂದ ಬಣ್ಣ ಹಚ್ಚಿದ ಬೀಜಗಳಿಗೆ ಔಷಧಿ ಸವರಿರುತ್ತದೆ, ಅವನ್ನು ಮುಟ್ಟಿಸಬೇಡಿ. ಅಡುಗೆಮನೆಯ ಹೆಸರುಕಾಳು, ಹುರುಳಿಯೇ ಸಾಕು.

ಕೊನೆಯದಾಗಿ, ನಿಮ್ಮ ಮನೆಯಲ್ಲಿರುವಂಥ ಪ್ರಯೋಗಶಾಲೆ ನಗರದ ಎಷ್ಟೋ ಮಕ್ಕಳಿಗೆ ಸಿಗುವುದಿಲ್ಲ. ಎಳೆಯ ಹುಳುಗಳನ್ನು ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ, ಅಂದರೆ ಎರಡನೇ ಸಲ ಪೊರೆ ಕಳಚಿದ, ಹುಳು ತಂದಾಗ ಅದರಲ್ಲಿ 20 ಹುಳುಗಳನ್ನು ಒಂದು ತಟ್ಟೆಗೆ ತೆಗೆದು ಮಗನಿಗೆ ಕೊಡಿ. ಇದರಲ್ಲಿ ಅಪಾಯವಿರುವುದು ಮಗನಿಗಲ್ಲ, ಬೆಳೆಗೆ: ಅವನು ಕೈ ತೊಳೆದೇ ಮುಟ್ಟಬೇಕು, ಆ ತಟ್ಟೆ ಹುಳುಮನೆಯ ಹೊರಗೇ ಇರಬೇಕು, ಅದರೊಳಗಿನ ಒಂದು ಹುಳುವೂ ಮರಳಿ ಹುಳುಮನೆಗೆ ಹೋಗಬಾರದು, ಏಕೆಂದರೆ ಒಂದಕ್ಕೆ ರೋಗ ತಗುಲಿದ್ದರೂ ಇಡೀ ಬೆಳೆಗೆ ಹರಡಬಹುದು. ದಿನವೂ ಎಷ್ಟು ಸೊಪ್ಪು ತಿಂದವು ಎಂಬುದು ಅವನ ಪ್ರಶ್ನೆಯಾಗಲಿ. ಹಾಕಿದ ಸೊಪ್ಪನ್ನು ತೂಗಿ, ಮರುದಿನ ಉಳಿದದ್ದನ್ನು ತೂಗಿ ಕಳೆದರೆ ಉತ್ತರ ಬಂತೆಂದು ಅವನು ಅಂದುಕೊಳ್ಳುತ್ತಾನೆ. ಆಗ ಕೇಳಿ: ಹುಳುವೇ ಇಲ್ಲದಿದ್ದರೆ ಸೊಪ್ಪಿನ ತೂಕ ಹಾಗೆಯೇ ಇರುತ್ತಿತ್ತೇ? ಅಷ್ಟೇ ತೂಕದ ಸೊಪ್ಪನ್ನು ಹುಳುವಿಲ್ಲದ ಇನ್ನೊಂದು ತಟ್ಟೆಯಲ್ಲಿ ಪಕ್ಕದಲ್ಲೇ ಇಟ್ಟು ನೋಡಿದರೆ, ಬಾಡಿ ಆರಿದ್ದರಿಂದಲೇ ಎಷ್ಟು ತೂಕ ಇಳಿದಿದೆ ಎಂದು ತಿಳಿಯುತ್ತದೆ. ಆ ಹುಳುವಿಲ್ಲದ ತಟ್ಟೆಯೇ ಹೋಲಿಕೆಯ ತಟ್ಟೆ. ಜಗತ್ತಿನ ದೊಡ್ಡ ಪ್ರಯೋಗಾಲಯಗಳಲ್ಲೂ ಪ್ರಯೋಗದ ಪಕ್ಕದಲ್ಲಿ ಇಂಥದ್ದೊಂದು ಇದ್ದೇ ಇರುತ್ತದೆ. ನಾಲ್ಕನೇ ಜ್ವರ ಎದ್ದ ಮೇಲೆ, ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗುವವರೆಗಿನ ಆರೇಳು ದಿನಗಳಲ್ಲಿ ತಿನ್ನುವ ಸೊಪ್ಪು ಅದು ಜೀವಮಾನದಲ್ಲಿ ತಿನ್ನುವುದರ ಬಹುಪಾಲು. ನಿಮ್ಮ ಯಜಮಾನರು ಅದನ್ನು ಕಣ್ಣಳತೆಯಲ್ಲೇ ಬಲ್ಲವರು. ಪ್ರತಿ ಸಂಜೆ ತೂಗುವ ಮೊದಲು ಅವರ ಅಂದಾಜನ್ನು ಕೇಳಿ ಬರೆದುಕೊಳ್ಳಲು ಮಗನಿಗೆ ಹೇಳಿ, ಆಮೇಲೆ ತಕ್ಕಡಿ ಏನು ತೋರಿಸುತ್ತದೆಂದು ಇಬ್ಬರೂ ಒಟ್ಟಿಗೆ ನೋಡಲಿ.